ಏಳನೇ ತರಗತಿಯ ಆಚೆಗಿನ ದಾರಿ

ನಮ್ಮ ಬಾಲ್ಯದಲ್ಲಿ ಉರ್ದು ಶಾಲೆ ಮಸೀದಿಯ ಹಿಂದಿನ ಗಲ್ಲಿಯಲ್ಲೇ ಇತ್ತು. ಹುಡುಗ ಹುಡುಗಿಯರೆಲ್ಲ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಏಳನೇ ತರಗತಿ ಮುಗಿದಾಗ ದಾರಿ ಕವಲೊಡೆಯಿತು. ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಅಬ್ಬಾ ನಮಗೊಂದು ಹಳೆಯ ಸೈಕಲ್ ರಿಪೇರಿ ಮಾಡಿಸಿ ಕೊಟ್ಟರು. ಓದಿನಲ್ಲಿ ನಮಗಿಂತ ಮುಂದಿದ್ದ ಚಿಕ್ಕಪ್ಪನ ಮಗಳು ಬೀಡಿ ಕಟ್ಟಲು ಕುಳಿತಳು. ಅವಳನ್ನು ಯಾರೂ ಶಾಲೆ ಬಿಡು ಎನ್ನಲಿಲ್ಲ. 'ಅಷ್ಟು ದೂರ ಒಬ್ಬಳೇ ಹೇಗೆ?' ಎಂದರು, ಅಷ್ಟೆ.

ಮುಸ್ಲಿಂ ಬಡಾವಣೆಗಳಲ್ಲಿ ಪ್ರಾಥಮಿಕ ಹಂತ ದಾಟಿದ ಶಾಲೆಗಳು ವಿರಳ, ಹೆಣ್ಣುಮಕ್ಕಳ ಶಾಲೆಗಳು ಇನ್ನೂ ವಿರಳ ಎಂದು 2006ರಲ್ಲಿ ಸಾಚಾರ್ ಸಮಿತಿ ಬರೆಯಿತು. ಅದೇ ವರ್ಷ ಬಿಹಾರ ಸರ್ಕಾರ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು 2000 ರೂಪಾಯಿ ಕೊಡತೊಡಗಿತು. ಇದರಿಂದ ಸಕಾಲದಲ್ಲಿ ಪ್ರೌಢಶಾಲೆ ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದರೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ 2017ರ ಅಧ್ಯಯನ ಹೇಳುತ್ತದೆ. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಎಲ್ಲರಿಗೂ ಒಮ್ಮೆಲೇ ಸೈಕಲ್ ಸಿಕ್ಕಿದ್ದರಿಂದ ಹುಡುಗಿಯರು ಗುಂಪಾಗಿ ಹೊರಟರು; 'ಒಬ್ಬಳೇ' ಎಂಬ ಮಾತಿಗೆ ಜಾಗವಿರಲಿಲ್ಲ.

ಕರ್ನಾಟಕದಲ್ಲೂ 2006-07ರಲ್ಲಿ ಸೈಕಲ್ ಯೋಜನೆ ಬಂತು. ಮೊದಲು ಹುಡುಗಿಯರಿಗೆ, ಮರುವರ್ಷ ಹುಡುಗರಿಗೂ. ಚಿಕ್ಕಪ್ಪನ ಮಗಳ ಮಗಳು ಅದೇ ಸೈಕಲ್ ತುಳಿದು ಅದೇ ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಕೋವಿಡ್ ಕಾಲದ 2020-21ರಲ್ಲಿ ಸೈಕಲ್ ವಿತರಣೆ ನಿಂತಿತು. ಹಳ್ಳಿಗೂ ಹೈಸ್ಕೂಲಿಗೂ ನಡುವಿನ ನಾಲ್ಕು ಕಿಲೋಮೀಟರ್ ಮಾತ್ರ ಅಷ್ಟೇ ಉಳಿಯಿತು.