ಒಡಲು ಹತ್ತಿ, ಸೆರಗು ರೇಷ್ಮೆ: ಫಿಲ್ಟರ್ ಹುಡುಕಾಟ ನಡೆದು ಬಂದ ದಾರಿ

ಗದ್ವಾಲ್ ಸೀರೆಯ ಒಡಲು ಹತ್ತಿ. ಅಂಚು, ಸೆರಗು ರೇಷ್ಮೆ. ಅದನ್ನು ಆನ್‌ಲೈನ್ ಅಂಗಡಿಗೆ ಏರಿಸುವಾಗ ‘ಬಟ್ಟೆ’ ಎಂಬ ಖಾನೆ ಒಂದೇ ಉತ್ತರ ಕೇಳಿದರೆ ಫಜೀತಿ. ಹತ್ತಿ ಎಂದು ಬರೆದರೆ ರೇಷ್ಮೆ ಹುಡುಕುವವರಿಗೆ ಸಿಗದು. ರೇಷ್ಮೆ ಎಂದರೆ ಹತ್ತಿಯ ಗಿರಾಕಿ ಕೈತಪ್ಪುತ್ತಾರೆ. ಬಣ್ಣ, ಬೆಲೆ, ನೂಲು, ಊರು ಎಂದು ಒಂದೊಂದಾಗಿ ಗುರುತು ಹಾಕಿ ರಾಶಿಯನ್ನು ಸೋಸುವ ಈ ಫಿಲ್ಟರ್ ವಿದ್ಯೆ ಈಗ ಆನ್‌ಲೈನ್ ಅಂಗಡಿಗಳಲ್ಲಿ ಸಾಮಾನ್ಯ. ಅದರ ಚರಿತ್ರೆ ಮಾತ್ರ ಅಂಗಡಿಯಲ್ಲಲ್ಲ, ಗ್ರಂಥಾಲಯದಲ್ಲಿ ಶುರುವಾಗುತ್ತದೆ.

ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಮರದಂತೆ ಕವಲೊಡೆಯುತ್ತದೆ. ಒಂದು ಪುಸ್ತಕಕ್ಕೆ ಒಂದೇ ಕೊಂಬೆ. ಈ ಕ್ರಮದ ಇಕ್ಕಟ್ಟನ್ನು ಗದ್ವಾಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೈದರಾಬಾದ್ ರಾಜ್ಯದಲ್ಲಿ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಉಳಿದ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಇವೆರಡು ಆಂಧ್ರಪ್ರದೇಶದ ಪಾಲಾಗಿ ಮಹಬೂಬ್‌ನಗರ ಜಿಲ್ಲೆಗೆ ಸೇರಿದವು. 2016ರಲ್ಲಿ ಜೋಗುಲಾಂಬ ಗದ್ವಾಲ್ ಎಂಬ ಜಿಲ್ಲೆಯೇ ಹುಟ್ಟಿತು. ಹತ್ತಿರದ ಮಕ್ತಲ್ ಪಟ್ಟಣ 2019ರಲ್ಲಿ ಹೊಸ ನಾರಾಯಣಪೇಟೆ ಜಿಲ್ಲೆಗೆ ಹೋಯಿತು. ಕಾಗದದಲ್ಲಿ ಕೊಂಬೆಯಿಂದ ಕೊಂಬೆಗೆ ಹಾರಿದ ಗದ್ವಾಲ್, ನೆಲದ ಮೇಲೆ ಕೃಷ್ಣಾ ತುಂಗಭದ್ರೆಯರ ನಡುವೆಯೇ ಇದೆ.

ಮರದ ಬದಲು ಬೇರೆ ದಾರಿ ತೋರಿಸಿದವರು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕ ಎಸ್. ಆರ್. ರಂಗನಾಥನ್. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆಯ ಅವೇ ಬಿಡಿಭಾಗಗಳಿಂದ ಬಗೆಬಗೆಯ ವಸ್ತು ಕಟ್ಟುವುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ ವಿಷಯವನ್ನು ಮುಖಮುಖವಾಗಿ (ಫ್ಯಾಸೆಟ್) ಬಿಡಿಸಿ ಮತ್ತೆ ಜೋಡಿಸುತ್ತದೆ. ಮುಂದೆ ಅವರು ಆ ಮುಖಗಳಿಗೆ ಐದು ಮೂಲವರ್ಗ ಗೊತ್ತುಮಾಡಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ನಮ್ಮ ಸರಕಿಗೆ ಹೊಂದಿಸಿದರೆ ಸೀರೆ, ಹತ್ತಿ-ರೇಷ್ಮೆ, ನೇಯ್ಗೆ, ಗದ್ವಾಲ್, ನೆಯ್ದ ವರ್ಷ. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅಲ್ಲೇ 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಹೊರಟಿತು. ಅಷ್ಟಾದರೂ ನಮ್ಮ ಸಾಫ್ಟ್‌ವೇರ್ ಹುಡುಗರ ಬಾಯಲ್ಲಿ ರಂಗನಾಥನ್ ಹೆಸರು ಕೇಳುವುದು ಅಪರೂಪ.

ವೆಬ್‌ಗೆ ಈ ವಿಚಾರ ಬಂದದ್ದು ಶತಮಾನದ ತಿರುವಿನಲ್ಲಿ. ಬರ್ಕ್ಲಿಯಲ್ಲಿ ಮಾರ್ಟಿ ಹರ್ಸ್ಟ್ ತಂಡದ ಫ್ಲಮೆಂಕೊ ಯೋಜನೆ ಸುಮಾರು 35,000 ಕಲಾಚಿತ್ರಗಳ ಮೇಲೆ ಮುಖವಾರು ಹುಡುಕಾಟವನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಬಳಸಿದವರು ಅದನ್ನೇ ಮೆಚ್ಚಿದರು. 1999ರಲ್ಲಿ ಹುಟ್ಟಿದ ಎಂಡೆಕಾ ಕಂಪನಿ ಇದನ್ನು ದೊಡ್ಡ ಅಂಗಡಿಗಳಿಗೆ ಮಾರಿತು. 2006ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಂಥಾಲಯವೂ ಅದನ್ನೇ ತನ್ನ ಕ್ಯಾಟಲಾಗಿಗೆ ಅಳವಡಿಸಿತು. ಗ್ರಂಥಾಲಯದ ಮಗು ಅಂಗಡಿ ಸುತ್ತಿ ಮನೆಗೆ ಬಂದ ಹಾಗಾಯಿತು. ಅದೇ ವರ್ಷ ಅಪಾಚೆ ಸಂಸ್ಥೆಯ ಕೈಸೇರಿದ ಸೋಲಾರ್ (Solr) ಮತ್ತು 2010ರ ಇಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಎಂಜಿನ್‌ಗಳಿಂದ ಸಣ್ಣ ತಂಡಗಳಿಗೂ ಈ ವಿದ್ಯೆ ಎಟುಕಿತು.

ಒಳಗಿನ ಲೆಕ್ಕ ದೊಡ್ಡದೇನಲ್ಲ. ‘ಕೆಂಪು’ ಎಂಬ ಮೌಲ್ಯಕ್ಕೆ ಯಾವ ಯಾವ ಸೀರೆ ಸೇರಿವೆ ಎಂಬ ಪಟ್ಟಿ ಮೊದಲೇ ಸಿದ್ಧವಿರುತ್ತದೆ. ಒಂದೇ ಮುಖದೊಳಗಿನ ಎರಡು ಆಯ್ಕೆಗಳ ನಡುವೆ ‘ಅಥವಾ’, ಬೇರೆ ಬೇರೆ ಮುಖಗಳ ನಡುವೆ ‘ಮತ್ತು’ ಎಂಬುದು ವಾಡಿಕೆ. ಹೊಸಬರು ಎಡವುವುದು ಆಯ್ಕೆಯ ಪಕ್ಕದ ಎಣಿಕೆಯಲ್ಲಿ. ಕೆಂಪು ಆರಿಸಿದ ಕೂಡಲೇ ಹಸಿರಿನ ಮುಂದೆ ಸೊನ್ನೆ ಬಿದ್ದರೆ ಹಸಿರು ಸೀರೆ ಇಲ್ಲವೆಂದೇ ಗಿರಾಕಿ ತಿಳಿಯುತ್ತಾರೆ. ಆದ್ದರಿಂದ ಬಣ್ಣಗಳನ್ನು ಎಣಿಸುವಾಗ ಬಣ್ಣದ ಆಯ್ಕೆಯನ್ನು ಬದಿಗಿಟ್ಟು ಮಿಕ್ಕವನ್ನು ಅನ್ವಯಿಸಬೇಕು. ಸೋಲಾರ್, ಇಲಾಸ್ಟಿಕ್‌ಸರ್ಚ್ ಎರಡರಲ್ಲೂ ಅದಕ್ಕೆ ಅನುಕೂಲವಿದೆ.

ಈ ವಾಡಿಕೆಗೂ ಗದ್ವಾಲ್ ಸೀರೆ ಬಗ್ಗುವುದಿಲ್ಲ. ನೂಲಿನ ಖಾನೆಯಲ್ಲಿ ಹತ್ತಿ, ರೇಷ್ಮೆ ಎರಡಕ್ಕೂ ಗುರುತು ಹಾಕಿದರೆ ಅಪ್ಪಟ ರೇಷ್ಮೆಯ ಕಂಚಿ ಸೀರೆಯೂ ಬಂದು ಕೂರುತ್ತದೆ. ‘ಮತ್ತು’ ಎಂದು ತಿದ್ದಿದರೆ ಗದ್ವಾಲ್ ಸಿಗುತ್ತದೆ, ಆದರೆ ಯಾವುದು ಎಲ್ಲಿದೆ ಎಂಬುದು ತಿಳಿಯದು; ಹತ್ತಿ ರೇಷ್ಮೆ ಬೆರೆಸಿ ನೆಯ್ದ ಬಟ್ಟೆಯೂ ಒಳನುಗ್ಗುತ್ತದೆ. ಒಡಲಿನ ನೂಲು ಒಂದು ಮುಖ, ಅಂಚು-ಸೆರಗಿನ ನೂಲು ಇನ್ನೊಂದು ಮುಖ ಎಂದು ಬೇರ್ಪಡಿಸುವುದೇ ಸರಿ. ಮಗ್ಗದವರು ಸೀರೆಯನ್ನು ಹಾಗೆಯೇ ವಿಂಗಡಿಸುತ್ತಾರೆ. ಅವರನ್ನು ಕೇಳದೆ ಖಾನೆ ಹೊಲಿಯುವವರೇ ಹೆಚ್ಚು.

ನಾರಾಯಣಪೇಟೆಯದು ಬೇರೆ ಗೋಳು. ಭೌಗೋಳಿಕ ಗುರುತು (ಜಿಐ) ಪಡೆದ ಅಲ್ಲಿನ ಸೀರೆಯ ಹೆಸರಿನಲ್ಲಿ ಪವರ್‌ಲೂಮ್ ಮಾಲೂ ಬಿಕರಿಯಾಗುತ್ತದೆ. ಹಾಗಾಗಿ ಶೈಲಿ, ನೆಯ್ದ ಊರು, ಕೈಮಗ್ಗವೋ ಪವರ್‌ಲೂಮೋ ಎಂಬ ಮೂರನ್ನೂ ಪ್ರತ್ಯೇಕವಾಗಿ ಬರೆಯಬೇಕು. ಈ ಗಡಿಯಲ್ಲಿ ತೆಲುಗಿನ ಜೊತೆ ಕನ್ನಡವೂ ಉರ್ದುವೂ ಓಡಾಡುವುದರಿಂದ ಮಕ್ತಲ್, ಮಖ್ತಲ್, ಮಕ್ತಾಲ್ ಎಂಬ ಮೂರೂ ಬರಹಗಳು ಬರುತ್ತವೆ; ಹಾಗೆಯೇ ಬಿಟ್ಟರೆ ಒಂದೇ ಊರು ಮೂರು ಸಾಲಾಗಿ ಎಣಿಕೆ ಹಂಚಿಕೊಳ್ಳುತ್ತದೆ. ಊರಿಗೊಂದು ಸಂಕೇತ ಕೊಟ್ಟು, ಅದರ ಕೆಳಗೆ ಭಾಷೆಗೊಂದು ಹೆಸರು ಇಟ್ಟರೆ ಕೆಲಸ ಮುಗಿಯಿತು. ಜಿಲ್ಲೆ ಮತ್ತೆ ಬದಲಾದರೂ ಆ ಸಂಕೇತ ಮುಟ್ಟಬೇಕಿಲ್ಲ.