ಸೂಪರ್‌ಕೆಪಾಸಿಟರ್: ಕರಟದ ಇದ್ದಿಲಿನಿಂದ ಗ್ರ್ಯಾಫೀನ್‌ವರೆಗೆ

ರಾಸಾಯನಿಕ ಕ್ರಿಯೆಯ ನೆರವಿಲ್ಲದೆ, ವಿದ್ಯುದಾವೇಶಗಳ ಜೋಡಣೆಯಿಂದಲೇ ಶಕ್ತಿಯನ್ನು ಕೂಡಿಡುವ ಸಾಧನ ಸೂಪರ್‌ಕೆಪಾಸಿಟರ್. ಇದನ್ನು ತುಂಬಲು ಸೆಕೆಂಡುಗಳು ಸಾಕು. ಲಕ್ಷಾಂತರ ಸಲ ತುಂಬಿ ಬರಿದು ಮಾಡಿದರೂ ತಾಳಿಕೊಳ್ಳುತ್ತದೆ. ಕೊರತೆ ಒಂದೇ, ಆದರೆ ದೊಡ್ಡದು. ಲಿಥಿಯಂ ಅಯಾನು ಬ್ಯಾಟರಿಯು ಕಿಲೋಗ್ರಾಂಗೆ ಸುಮಾರು 150ರಿಂದ 250 ವ್ಯಾಟ್-ಗಂಟೆ ಶಕ್ತಿಯನ್ನು ಹಿಡಿದಿಟ್ಟರೆ, ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ಸೂಪರ್‌ಕೆಪಾಸಿಟರ್ ಹಿಡಿಯುವುದು ಹತ್ತಕ್ಕೂ ಕಡಿಮೆ. ಈ ಅಂತರವನ್ನು ತಗ್ಗಿಸುವ ಸಂಶೋಧನೆಯ ಬಹುಪಾಲು ಅದರ ವಿದ್ಯುದ್ವಾರದ ಸುತ್ತ, ಅರ್ಥಾತ್ ಇಂಗಾಲದ ಸುತ್ತ ನಡೆದಿದೆ.

ಲವಣದ್ರಾವಣದಲ್ಲಿ ಅದ್ದಿದ ವಿದ್ಯುದ್ವಾರಕ್ಕೆ ವಿಭವ ಕೊಟ್ಟಾಗ, ವಿರುದ್ಧ ಆವೇಶದ ಅಯಾನುಗಳು ಬಂದು ಅದರ ಮೈಗೆ ಒತ್ತಾಗಿ ನಿಲ್ಲುತ್ತವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲಿ ವಿವರಿಸಿದ ಈ ‘ಇಮ್ಮಡಿ ಪದರ’ದಲ್ಲಿ ಎರಡು ಆವೇಶಗಳ ನಡುವಣ ಅಂತರ ಒಂದು ನ್ಯಾನೊಮೀಟರಿಗೂ ಕಡಿಮೆ. ಅಂತರ ಕಿರಿದಾದಷ್ಟೂ, ಮೇಲ್ಮೈ ಹಿರಿದಾದಷ್ಟೂ ಧಾರಣಶಕ್ತಿ ಹೆಚ್ಚು. ರಂಧ್ರಮಯ ಇಂಗಾಲವನ್ನು ಇದಕ್ಕೆ ಬಳಸಿದ ಮೊದಲ ಪೇಟೆಂಟು 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಚ್. ಐ. ಬೆಕರ್ ಅವರಿಗೆ ದೊರೆಯಿತು. ‘ಸೂಪರ್‌ಕೆಪಾಸಿಟರ್’ ಎಂಬ ಹೆಸರಿನಲ್ಲಿ ಅದನ್ನು 1970ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದದ್ದು ಜಪಾನಿನ ಎನ್‌ಇಸಿ.

ಅಂದಿನಿಂದ ಇಂದಿನವರೆಗೆ ಈ ಉದ್ಯಮದ ಮುಖ್ಯ ಕಚ್ಚಾವಸ್ತುಗಳಲ್ಲೊಂದು ತೆಂಗಿನ ಕರಟ. ಗಾಳಿ ಸಾಲದ ಕುಲುಮೆಯಲ್ಲಿ ಕರಟವನ್ನು ಸುಟ್ಟು ಇದ್ದಿಲು ಮಾಡಿ, ಬಳಿಕ 800–1,000 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಅದರ ಮೇಲೆ ನೀರಾವಿಯನ್ನು ಹಾಯಿಸುತ್ತಾರೆ. ಆವಿಯು ಇಂಗಾಲವನ್ನು ಅಲ್ಲಲ್ಲಿ ತಿಂದುಹಾಕಿ ಅಸಂಖ್ಯ ಸೂಕ್ಷ್ಮರಂಧ್ರಗಳನ್ನು ಕೊರೆಯುತ್ತದೆ. ಹೀಗೆ ಪಟುಗೊಳಿಸಿದ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಬಿಡಿಸಿ ಹಾಸಲು ಸಾಧ್ಯವಾದರೆ ಅದು 1,500ರಿಂದ 2,000 ಚದರ ಮೀಟರ್, ನಮ್ಮ ರೈತರ ಲೆಕ್ಕದಲ್ಲಿ ಹದಿನೈದು-ಇಪ್ಪತ್ತು ಗುಂಟೆ ಆದೀತು! ಕರಟದ ಇದ್ದಿಲು ಗಡಸು, ಅದರಲ್ಲಿ ಬೂದಿ ಅತ್ಯಲ್ಪ, ರಂಧ್ರಗಳು ಬಹುತೇಕ ಎರಡು ನ್ಯಾನೊಮೀಟರಿಗಿಂತ ಕಿರಿದು. ತಿಪಟೂರು ಸೀಮೆಯಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವೂ ಇದೇ ಜಾತಿಯ ವಸ್ತು. ಆದರೆ ಒಲೆಯ ಉರುವಲಿಗೂ ವಿದ್ಯುದ್ವಾರಕ್ಕೂ ನಡುವೆ ಕಠಿಣವಾದ ಶುದ್ಧೀಕರಣವಿದೆ. ಲೇಶಮಾತ್ರ ಕಬ್ಬಿಣ ಉಳಿದರೂ ಕೂಡಿಟ್ಟ ವಿದ್ಯುತ್ತು ತಾನಾಗಿಯೇ ಸೋರಿಹೋಗುತ್ತದೆ. ಈ ದರ್ಜೆಯ ಇದ್ದಿಲಿನ ಬೆಲೆ ನೀರು ಸೋಸುವ ಇದ್ದಿಲಿಗಿಂತ ಬಹಳ ಹೆಚ್ಚಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಮೇಲ್ಮೈ ಹೆಚ್ಚಿಸಿದರೆ ಸಾಕೆಂಬ ನಂಬಿಕೆ ಬಹುಕಾಲ ನಡೆಯಿತು. ಅಯಾನು ತನ್ನ ಸುತ್ತ ದ್ರಾವಕದ ಅಣುಗಳನ್ನು ಹೊದ್ದಿರುವುದರಿಂದ ಒಂದು ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರ ನಿರುಪಯುಕ್ತವೆಂದೂ ಭಾವಿಸಲಾಗಿತ್ತು. ಯೂರಿ ಗೊಗೊಟ್ಸಿ, ಪ್ಯಾಟ್ರಿಸ್ ಸಿಮೊನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬುಡಮೇಲು ಮಾಡಿತು. ಟೈಟಾನಿಯಂ ಕಾರ್ಬೈಡ್‌ನಿಂದ ಕ್ಲೋರಿನ್ ಬಳಸಿ ಲೋಹವನ್ನು ಹೊರತೆಗೆದು ಪಡೆದ ಇಂಗಾಲದಲ್ಲಿ, ರಂಧ್ರ ಒಂದು ನ್ಯಾನೊಮೀಟರಿಗಿಂತ ಕಿರಿದಾದಂತೆ ಧಾರಣಶಕ್ತಿ ಏರತೊಡಗಿತು. ಅಯಾನುಗಳು ಹೊದಿಕೆಯನ್ನು ಭಾಗಶಃ ಕಳಚಿಟ್ಟು ಒಳನುಗ್ಗುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಬೀಗಕ್ಕೆ ಕೀಲಿ ಹೊಂದುವಂತೆ ರಂಧ್ರವೂ ಅಯಾನೂ ಹೊಂದಬೇಕೆಂಬ ತಿಳಿವಳಿಕೆ ಹೀಗೆ ಬೆಳೆಯಿತು.

2004ರಲ್ಲಿ ಬೇರ್ಪಡಿಸಲಾದ ಗ್ರ್ಯಾಫೀನ್ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಗ್ರಾಂಗೆ 2,630 ಚದರ ಮೀಟರ್ ಮೇಲ್ಮೈ ಇದರ ಸೈದ್ಧಾಂತಿಕ ಮಿತಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ. ಎನ್. ಆರ್. ರಾವ್ ಅವರ ತಂಡ 2008ರಲ್ಲೇ ಇದನ್ನು ವಿದ್ಯುದ್ವಾರವಾಗಿ ಪರೀಕ್ಷಿಸಿ, ಸಲ್ಫ್ಯೂರಿಕ್ ಆಮ್ಲದ ದ್ರಾವಣದಲ್ಲಿ ಗ್ರಾಂಗೆ 117 ಫ್ಯಾರಡ್‌ವರೆಗೆ ಧಾರಣಶಕ್ತಿಯನ್ನು ವರದಿ ಮಾಡಿತು. ಆದರೆ ಹಾಳೆಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಮೇಲ್ಮೈ ಕುಗ್ಗುವುದು ಗ್ರ್ಯಾಫೀನಿನ ಪೀಡೆ. ಅಂಟದಂತೆ ಬಿಡಿಬಿಡಿಯಾಗಿಟ್ಟರೆ ಅದು ಹತ್ತಿಯಂತೆ ಹಗುರವಾಗಿ ಸಾಧನದ ಗಾತ್ರ ಉಬ್ಬುತ್ತದೆ.

ಪ್ರಯೋಗಾಲಯದ ಅಂಕಿಗಳನ್ನು ಆದ್ದರಿಂದ ಎಚ್ಚರದಿಂದ ಓದಬೇಕು. ತಯಾರಾದ ಸಾಧನದ ತೂಕದಲ್ಲಿ ಇಂಗಾಲದ ಪಾಲು ಸುಮಾರು ಶೇ. 30 ಮಾತ್ರ, ಉಳಿದದ್ದು ಲೋಹದ ಹಾಳೆ, ದ್ರಾವಣ, ಕವಚ. ಇಂಗಾಲದ ತೂಕವನ್ನಷ್ಟೇ ಹಿಡಿದು ಹೇಳಿದ ಶಕ್ತಿಸಾಂದ್ರತೆಯನ್ನು ಮೂರು-ನಾಲ್ಕರಿಂದ ಭಾಗಿಸಬೇಕೆಂದು ಗೊಗೊಟ್ಸಿ ಮತ್ತು ಸಿಮೊನ್ 2011ರಲ್ಲಿ ತಮ್ಮ ಸಹವಿಜ್ಞಾನಿಗಳಿಗೇ ನೆನಪಿಸಿದರು. ಮೈಕ್ರಾನಿನಷ್ಟು ತೆಳುವಾದ ಲೇಪದ ಮೇಲೆ ಪಡೆದ ದಾಖಲೆಗಳಿಗಂತೂ ಈ ರಿಯಾಯಿತಿಯೂ ಸಾಲದು. ಪತ್ರಿಕೆಗಳಲ್ಲಿ ಬರುವ ‘ಬ್ಯಾಟರಿಯ ಯುಗ ಮುಗಿಯಿತು’ ಎಂಬಂಥ ಶೀರ್ಷಿಕೆಗಳಲ್ಲಿ ಹಲವು ಇಂಥ ಲೆಕ್ಕದಿಂದಲೇ ಹುಟ್ಟಿದವು.

ಶಕ್ತಿಯು ವಿಭವದ ವರ್ಗಕ್ಕೆ ಅನುಗುಣವಾಗಿರುವುದು ಇನ್ನೊಂದು ದಾರಿಯನ್ನು ತೆರೆಯಿತು. ಜಲೀಯ ದ್ರಾವಣ ಸುಮಾರು ಒಂದು ವೋಲ್ಟ್ ತಡೆದರೆ ಸಾವಯವ ದ್ರಾವಣ 2.7 ವೋಲ್ಟ್‌ವರೆಗೆ ತಡೆಯುತ್ತದೆ. ಒಂದು ಬದಿಗೆ ಲಿಥಿಯಂ ತುಂಬಿದ ಗ್ರ್ಯಾಫೈಟ್, ಇನ್ನೊಂದು ಬದಿಗೆ ಪಟುಗೊಳಿಸಿದ ಇದ್ದಿಲು ಇರಿಸಿದ ಮಿಶ್ರ ಸಾಧನಗಳು 3.8 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಇವು ಸಾಮಾನ್ಯ ಸೂಪರ್‌ಕೆಪಾಸಿಟರಿಗಿಂತ ಎರಡು-ಮೂರು ಪಟ್ಟು ಶಕ್ತಿಯನ್ನು ಹಿಡಿಯುತ್ತವೆಯಾದರೂ, ತೀವ್ರ ಚಳಿಯಲ್ಲಿ ಅದರಷ್ಟು ಚುರುಕಲ್ಲ.