ಗಾಡಿ ಪಟ್ಟಿಯಿಂದ ಸ್ಪೋರ್ಟ್ಸ್ ಟೈರಿನ ತನಕ

ನಮ್ಮ ಹಿರೇನಲ್ಲೂರು ಕಡೆ ಎತ್ತಿನ ಗಾಡಿಗೂ ಒಂಥರಾ ಟೈರ್ ಇತ್ತು: ಕಬ್ಬಿಣದ ಪಟ್ಟಿ. ಕೆಂಪಗೆ ಕಾಯಿಸಿ ಮರದ ಗಾಲಿಗೆ ಕೂರಿಸಿ ನೀರು ಹೊಯ್ದರೆ, ಪಟ್ಟಿ ಕುಗ್ಗಿ ಗಾಲಿಯನ್ನ ಬಿಗಿಯಾಗಿ ಹಿಡ್ಕೊಳ್ತಿತ್ತು. ಬಾಳಿಕೆ ಜಾಸ್ತಿ, ಆದ್ರೆ ನೆಲದ ಮೇಲೆ ಹಿಡಿತ ಕಮ್ಮಿ. ಟೈರಿನ ಇತಿಹಾಸವೆಲ್ಲ ಈ ಎರಡರ ನಡುವಿನ ಜಗ್ಗಾಟವೇ.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಶುರುವಾಗಿದ್ದು ಮಗನ ಮೂರುಗಾಲಿ ಸೈಕಲ್ಲಿಂದ. ಮರುವರ್ಷವೇ ವಿಲ್ಲಿ ಹ್ಯೂಮ್ ಆ ಟೈರಲ್ಲಿ ಸೈಕಲ್ ರೇಸು ಗೆದ್ದ. 1895ರ ಪ್ಯಾರಿಸ್-ಬೋರ್ಡೋ-ಪ್ಯಾರಿಸ್ ಕಾರ್ ರೇಸಿಗೆ ಮಿಶೆಲಿನ್ ಸಹೋದರರು ಗಾಳಿ ಟೈರಿನ ಕಾರು ಇಳಿಸಿದರು, ದಾರಿಯುದ್ದಕ್ಕೂ ಪಂಕ್ಚರ್! 1946ರಲ್ಲಿ ಅವರದೇ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಪಕ್ಕದ ಗೋಡೆ ಬಾಗಿದರೂ ತಳ ರಸ್ತೆಗೆ ಅಂಟಿಕೊಂಡಿರುತ್ತೆ. ಇವತ್ತಿನ ಸ್ಪೋರ್ಟ್ಸ್ ಕಾರುಗಳು ಓಡೋದು ಇದರ ಮೇಲೇ.

ಈಗ ನಿಮ್ಮ ಆಯ್ಕೆ. ಮೆತ್ತನೆ ರಬ್ಬರು ಚೆನ್ನಾಗಿ ಹಿಡಿಯುತ್ತೆ, ಬೇಗ ಸವೆಯುತ್ತೆ. ಗೀರು ಕಮ್ಮಿ ಇರೋ ಟ್ರ್ಯಾಕ್ ಟೈರು ಒಣ ರಸ್ತೆಯಲ್ಲಿ ರಾಜ. ಆದ್ರೆ ಮಳೆಗಾಲದ ಮುಳ್ಳಯ್ಯನಗಿರಿ ತಿರುವಲ್ಲಿ ನೀರನ್ನ ಹೊರದಬ್ಬಲಾಗದೆ ತೇಲುತ್ತೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಹಾಗಾಗಿ ಶೋಕಿಗಿಂತ ಮೊದಲು ರಸ್ತೆ ನೋಡಿ. ಅಳತೆ, ಭಾರ, ವೇಗದ ಗುರುತು ಕಾರಿನ ಕಂಪನಿ ಹೇಳಿದಂತೇ ಇರಲಿ. ಪಕ್ಕದಲ್ಲಿ 2324 ಅಂತಿದ್ರೆ 2024ರ 23ನೇ ವಾರದ ಮಾಲು. ಹಳೇದಾದ್ರೆ ಬೇಡ ಅನ್ನಿ.

ಎಷ್ಟೇ ಕುದುರೆಶಕ್ತಿ ಇರಲಿ, ನೆಲ ಮುಟ್ಟೋದು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು ಮಾತ್ರ.